ಬಾಣದ ಬುಡದ ಹಳದಿ

ಪೊರ್ಬುಗಳನ್ನು ಹೂಳುವ ದಿನ ಇಗರ್ಜಿಯ ಅಂಗಳ ತುಂಬಿತ್ತು. ಹೊಸಬರು ನೋಡಿದರೆ ಯಾರೋ ಬಹಳ ಬೇಕಾದವರು ಹೋದರು ಎಂದುಕೊಳ್ಳಬೇಕು. ಸಂಗತಿ ಹಾಗಲ್ಲ. ಅರ್ಧ ಜನ ಖಾತ್ರಿ ಮಾಡಿಕೊಳ್ಳಲು ಬಂದವರು. ನಾನೂ ಬಂದರಿನ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಯಾರಾದರೂ ನಾಲ್ಕು ಒಳ್ಳೆಯ ಮಾತು ಹೇಳಿ ಎಂದು ಪಾದ್ರಿಗಳು ಕೇಳಿದಾಗ ಎಲ್ಲರೂ ಪಕ್ಕದವರ ಮುಖ ನೋಡಿದರು. ಹೆಣದ ಮುಂದೆ ಸುಳ್ಳು ಹೇಳಲು ನಮ್ಮ ಊರಿನವರಿಗೆ ಸಂಕೋಚವೇನಿಲ್ಲ. ಅದಿಲ್ಲದೆ ಯಾರ ಉತ್ತರಕ್ರಿಯೆಯೂ ಮುಗಿಯುವುದಿಲ್ಲ. ಆದರೆ ಈ ಮನುಷ್ಯ ಬದುಕಿದ್ದಷ್ಟು ದಿನ ಒಂದು ಸುಳ್ಳನ್ನೂ ಆಡಿದವರಲ್ಲ. ಪೆಟ್ಟಿಗೆಯೊಳಗಿಂದಲೇ ತಿದ್ದಿಬಿಟ್ಟಾರು ಎಂದು ಹೆದರಿಕೆ. ಕೊನೆಗೆ ಒಬ್ಬ ಹಿರಿಯರು ಮುಂದೆ ಬಂದು, "ಪೂಜೆಗೆ ಸಮಯಕ್ಕೆ ಸರಿಯಾಗಿ ಬರ್ತಿದ್ದರು" ಎಂದು ಹೇಳಿ ಹಿಂದೆ ಸರಿದರು.

ಹೆಸರು ಬೇಡ. ನಮ್ಮ ಕಡೆ ಕ್ರಿಸ್ತಿಯನ್ ಗೃಹಸ್ಥರನ್ನು ನಾವು ತುಳುವರು ಪೊರ್ಬುಗಳು ಎಂದೇ ಕರೆಯುವುದು, ಹೆಂಗಸರನ್ನು ಬಾಯಮ್ಮ ಎಂದು. ಅಷ್ಟು ಸಾಕು. ಯುದ್ಧದ ಕಾಲದಲ್ಲಿ ಬ್ರಿಟಿಷರ ಪಲ್ಟನಿನಲ್ಲಿದ್ದು ಸಂಕೇತದ ಬೆಂಕಿಬಾಣಗಳನ್ನು ಹಾರಿಸುವ ಕೆಲಸ ಮಾಡಿದವರು. ಪಿಂಚಣಿ ತೆಗೆದುಕೊಂಡು ಬಂದು ಉರ್ವದಲ್ಲಿ ಮನೆ ಮಾಡಿಕೊಂಡಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಒಮ್ಮೆ ಯಾರೋ ಕೇಳಿದ್ದಕ್ಕೆ, "ನೋಡಲು ಹೋದಲ್ಲೆಲ್ಲ ಹುಡುಗಿ ಹೇಗಿದ್ದಾಳೆ ಅಂತ ನನ್ನನ್ನೇ ಕೇಳಿದರು" ಎಂದರಂತೆ.

ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಮೊಣಕಾಲವರೆಗೆ ಕಾಲುಚೀಲ, ಸಣಕಲು ಮೈ. ತುಳು ಚೆನ್ನಾಗಿ ಬರುತ್ತಿತ್ತು, ಆದರೂ ನನ್ನೊಡನೆ ಕನ್ನಡದಲ್ಲೇ ಮಾತು. "ತುಳುವಿನಲ್ಲಿ ಮಾತಾಡಿದರೆ ಬೇಗ ಸ್ನೇಹ ಆಗ್ತದೆ ಶೆಟ್ರೇ. ಅದು ಬೇಡ" ಎಂದಿದ್ದರು. ಯಾರಾದರೂ ಏನಾದರೂ ಕೇಳಿದರೆ ಅವರು ಮೊದಲು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಅದನ್ನು ಕಂಡ ಕೂಡಲೇ, ಅವರನ್ನು ಬಲ್ಲವರು ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಹವಾಮಾನದ ಮಾತೆತ್ತುತ್ತಿದ್ದರು.

ಬಜಪೆಗೆ ಹೊಸತಾಗಿ ವಿಮಾನ ಬರತೊಡಗಿದ್ದ ಕಾಲ. ಬೊಂಬಾಯಿಗೆ ಹೊರಟಿದ್ದ ಒಬ್ಬ ಗೃಹಸ್ಥರನ್ನು ಕಳಿಸಿಕೊಡಲು ಬಸ್ಸು ಮಾಡಿಕೊಂಡು ನಾವೆಲ್ಲ ಹೋಗಿದ್ದೆವು. ಹಾರ, ಫೋಟೋ, ಹೆಂಡತಿಯ ಕಣ್ಣೀರು. ಆಕೆ ಧೈರ್ಯಕ್ಕೆಂದು, "ಪ್ಲೇನಿಗೆ ಎಂತ ಆಗುದಿಲ್ಲ ಅಲ್ವಾ ಪೊರ್ಬುಗಳೇ? ನೀವು ಯುದ್ಧದಲ್ಲಿ ಎಷ್ಟು ನೋಡಿದ್ದೀರಿ" ಎಂದು ಕೇಳಿದರು. ಇವರು ಕನ್ನಡಕ ಒರೆಸಿದರು. "ನಾನು ನೋಡಿದ್ದರಲ್ಲಿ ಸುಮಾರು ಬಿದ್ದಿವೆ" ಎಂದರು. ಆ ಗೃಹಸ್ಥರು ರೈಲು ಹಿಡಿದರು.

ಇನ್ನೊಂದು ಸಲ, ಗಂಡ ಸತ್ತ ಮೂರನೆಯ ದಿನ ಒಬ್ಬಾಕೆ ಇವರ ಕೈ ಹಿಡಿದುಕೊಂಡು, "ನೀವು ಆಸ್ಪತ್ರೆಯಲ್ಲಿ ಹತ್ತಿರವೇ ಇದ್ದಿರಿ. ಅವರಿಗೆ ಕಡೆಗೆ ನೋವು ಆಗ್ಲಿಲ್ಲ ಅಲ್ವಾ?" ಎಂದು ಕೇಳಿದರು. "ಆಯ್ತು" ಎಂದರು ಇವರು. ಕೈ ಬಿಡಿಸಿಕೊಳ್ಳಲೂ ಇಲ್ಲ, ಇನ್ನೊಂದು ಮಾತು ಸೇರಿಸಲೂ ಇಲ್ಲ.

ಇಂಥ ಮನುಷ್ಯರನ್ನು ಜನ ಸತ್ಯವಂತರು ಎಂದು ಹೊಗಳಿ ದೂರ ಇಡುತ್ತಾರೆ. ನಾನು ವ್ಯಾಪಾರಿ, ನನಗೆ ಹಾಗೆ ದೂರ ಇಡಲು ಆಗಲಿಲ್ಲ. ತಲೆಹೊರೆಯಿಂದ ಶುರು ಮಾಡಿ ಬಂದರಿನಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಸುಳ್ಳು ಹೇಳುವವನ ಜೊತೆ ಚೌಕಾಶಿ ಮಾಡಲು ಯಾರಿಗಾದರೂ ಬರುತ್ತದೆ. ಅವನು ಹೇಳಿದ್ದರಲ್ಲಿ ಅರ್ಧ ಕಳೆದರೆ ಆಯಿತು. ಸುಳ್ಳೇ ಹೇಳದವನ ಜೊತೆ ಹೇಗೆ? ಅದನ್ನು ನಾನು ಈ ಪೊರ್ಬುಗಳಿಂದ ಕಲಿತೆ. ಕಲಿಯಲು ಕಾರಣ ಒಬ್ಬ ಬಾಯಮ್ಮ.

ಆಕೆಯ ಗಂಡ ಉರ್ವದ ಆಚೆ ಒಂದು ಶೆಡ್ಡಿನಲ್ಲಿ ಬೆಡಿ ಮಾಡುತ್ತಿದ್ದವರು, ಅಂದರೆ ಮದುವೆಗೆ ಹಬ್ಬಕ್ಕೆ ಬೇಕಾದ ಪಟಾಕಿ: ಗರ್ನಾಲು, ಬಾಣ, ಹೂಕುಂಡ. ಅವರು ಜ್ವರ ಬಂದು ತೀರಿಹೋದ ಮೇಲೆ ಬಾಯಮ್ಮನೇ ಶೆಡ್ಡು ನಡೆಸಿದರು. ಮದ್ದು ಅಳೆಯುವುದು, ಕೊಳವೆಗೆ ತುಂಬಿ ಕುಟ್ಟುವುದು ಎಲ್ಲ ಅವರದೇ ಕೈ. ಸುತ್ತಲಿನ ಕೆಲವು ಹೆಂಗಸರು ಕಾಗದ ಸುತ್ತಲು, ಬತ್ತಿ ಕಟ್ಟಲು ಬರುತ್ತಿದ್ದರು. ಬಾಯಮ್ಮನ ಬೆಳ್ಳಿ ಬಾಲದ ಬಾಣಕ್ಕೆ ದೊಡ್ಡ ಹೆಸರು. ಅಲ್ಯೂಮಿನಿಯಂ ಹುಡಿ ಬೆರೆಸಿ ಮಾಡುತ್ತಿದ್ದರು. ಮೇಲೇರಿದರೆ ಆಕಾಶಕ್ಕೆ ಬೆಳ್ಳಿಯ ಗೆರೆ ಎಳೆದ ಹಾಗೆ. ಮದ್ದಿಗೆ ಬೇಕಾದ ಪೆಟ್ಲುಪ್ಪು, ಗಂಧಕ ನನ್ನ ಅಂಗಡಿಯಿಂದ ಹೋಗುತ್ತಿತ್ತು.

ಸಮುದ್ರದ ಹತ್ತಿರದ ಒಂದು ಇಗರ್ಜಿಯಲ್ಲಿ ವರ್ಷದ ಹಬ್ಬಕ್ಕೆ ದೊಡ್ಡ ಬೆಡಿ. ಆ ಕೆಲಸ ಸಿಕ್ಕಿದವರಿಗೆ ಉಳಿದ ಮದುವೆಗಳೆಲ್ಲ ತಾನಾಗಿ ಬರುತ್ತವೆ, ತಪ್ಪಿದವರನ್ನು ಯಾರೂ ಕೇಳುವುದಿಲ್ಲ. ಅಲ್ಲಿಯ ಪದ್ಧತಿ ಏನೆಂದರೆ, ಹಬ್ಬಕ್ಕೆ ಸಾಕಷ್ಟು ಮೊದಲೇ ಬೆಡಿ ಮಾಡುವವರನ್ನೆಲ್ಲ ಕರೆದು ಸಂಜೆ ಒಂದೊಂದು ಮಾದರಿ ಬಾಣ ಬಿಡಿಸಬೇಕು. ಸಮಿತಿಯವರು ಬೆಂಚಿನಲ್ಲಿ ಕುಳಿತು ನೋಡುತ್ತಾರೆ. ಬಾಲ ಬುಡದಿಂದ ತುದಿವರೆಗೆ ಒಂದೇ ಬಣ್ಣ ಇರಬೇಕು ಎಂಬುದು ಅವರ ಲೆಕ್ಕ. ಪರೀಕ್ಷಕರು ನಮ್ಮ ಪೊರ್ಬುಗಳು. ಪಲ್ಟನಿನಲ್ಲಿ ಬಾಣ ಬಿಟ್ಟವರಿಗಿಂತ ಬಲ್ಲವರು ಯಾರು?

ಬಾಣ ಹಾರಿಸುವ ಜಾಗ ಗೊತ್ತು ಮಾಡುವವರೂ ಅವರೇ. ಉಳಿದವರದ್ದು ಇಗರ್ಜಿಯ ಬದಿಯ ಕೆಂಪುಕಲ್ಲಿನ ಕಟ್ಟೆಯ ಮೇಲೆ. "ಬಾಯಮ್ಮನ ಬಾಣ ದೊಡ್ಡದು. ಜನರಿಂದ ದೂರ ಇರಲಿ" ಎಂದು ಆಕೆಯದನ್ನು ಮಾತ್ರ ಕೆಳಗೆ ಕಡಲಿನ ಬದಿಗೆ, ಮೊಗವೀರರು ಮೀನಿಗೆ ಉಪ್ಪು ಹಚ್ಚಿ ಒಣಗಿಸುವ ಮರಳಿಗೆ ಕಳಿಸಿದರು. ದೊಡ್ಡ ಬಾಣ ಹೌದು. ದೂರ ಇರಬೇಕಾದ್ದೂ ಹೌದು. ಸುಳ್ಳು ಎಲ್ಲಿದೆ?

ಬಿದಿರಿನ ಓಟೆಯನ್ನು ಮರಳಿಗೆ ಊರಿ, ಬಾಣ ಇಟ್ಟು, ಬಾಯಮ್ಮನ ಕೆಲಸದಾಕೆ ಬತ್ತಿಗೆ ಬೆಂಕಿ ಕೊಟ್ಟಳು. ಬುಸ್ ಎಂದು ಎದ್ದ ಬೆಂಕಿ ಬುಡದಲ್ಲಿ ಅಪ್ಪಟ ಹಳದಿ, ಅರಿಶಿನ ಎರಚಿದ ಹಾಗೆ. ಆಳೆತ್ತರ ದಾಟಿದ ಮೇಲೆ ಬೆಳ್ಳಿ.

ಸಮಿತಿಯ ಅಧ್ಯಕ್ಷರು ಹಂಚಿನ ಕಾರ್ಖಾನೆಯ ಮ್ಯಾನೇಜರು. "ಬುಡದಲ್ಲಿ ಹಳದಿ ಬಂತಲ್ಲ ಪೊರ್ಬುಗಳೇ?" ಎಂದು ಕೇಳಿದರು.

"ಬಂತು."

"ಪೆಟ್ಲುಪ್ಪಿಗೆ ಅಡಿಗೆ ಉಪ್ಪು ಬೆರೆಸಿದರೆ ಹಳದಿ ಬರ್ತದಾ?"

ಕನ್ನಡಕ ಒರೆಸಿ, "ಬರ್ತದೆ" ಎಂದರು.

ಅಲ್ಲಿಗೆ ಮುಗಿಯಿತು. ಬಂದರಿನಲ್ಲಿ ಪೆಟ್ಲುಪ್ಪಿಗೆ ಉಪ್ಪು ಬೆರೆಸುವುದು ಹಳೆಯ ಕಸುಬು; ಬೇರೆ ಯಾವ ಊರಿನಲ್ಲಾದರೂ ಜನ ಇನ್ನೇನಾದರೂ ಯೋಚಿಸುತ್ತಿದ್ದರೇನೋ, ನಮ್ಮಲ್ಲಿ ಹಳದಿ ಎಂದರೆ ಕಲಬೆರಕೆ ಎಂದು ಒಂದೇ ಉಸಿರಿಗೆ ತೀರ್ಮಾನವಾಯಿತು. ಬಾಯಮ್ಮನಿಗೆ ಕೆಲಸ ತಪ್ಪಿತು. ಮುಂದಿನ ವರ್ಷವೂ ಅದೇ ಮರಳು, ಅದೇ ಹಳದಿ, ಅದೇ ಎರಡು ಪ್ರಶ್ನೆ. ಅಷ್ಟರಲ್ಲಿ ಮದುವೆ ಮನೆಯವರೂ ಶೆಡ್ಡಿನ ದಾರಿ ಬಿಟ್ಟಿದ್ದರು. ಇನ್ನೊಂದು ಸಲ ತಪ್ಪಿದರೆ ಶೆಡ್ಡು ಮುಚ್ಚುವುದೇ ಎಂದು ಆಕೆ ನನ್ನ ಅಂಗಡಿಗೆ ಬಂದು ಹೇಳಿದರು. ಅಳಲಿಲ್ಲ. "ನೀವು ಬೆರೆಸಿದ್ದೀರಾ ಶೆಟ್ರೇ? ಒಮ್ಮೆ ಹೇಳಿಬಿಡಿ" ಎಂದು ಕೇಳಿದರು, ಅಷ್ಟೆ. ನನ್ನ ಗೋಣಿಗಳಿಗೆ ಗಿರಾಕಿಗಳು ನಾಲಗೆ ತಾಗಿಸಿ ನೋಡತೊಡಗಿದ್ದ ದಿನಗಳು ಅವು.

ನಾನು ಬೆರೆಸಿರಲಿಲ್ಲ. ಬೆರೆಸುವವನಿಗೆ ಲೆಕ್ಕ ಬೇಗ ಹೊಳೆಯುತ್ತದೆ ಎನ್ನುತ್ತಾರೆ. ಬೆರೆಸದವನಿಗೂ ಹೊಳೆಯುತ್ತದೆ, ಸ್ವಲ್ಪ ತಡವಾಗಿ. ಮದ್ದಿನಲ್ಲಿ ಉಪ್ಪಿದ್ದರೆ ಮೇಲೆ ಹೋದ ಮೇಲೂ ಹಳದಿ ಇರಬೇಕಲ್ಲ? ಡಾಲ್ಡಾ ಬೆರೆಸಿದ ತುಪ್ಪ ಡಬ್ಬಿಯ ತಳದಲ್ಲಿ ಡಾಲ್ಡಾ, ಮೇಲೆ ಶುದ್ಧ ತುಪ್ಪ ಎಂದಾಗುವುದಿಲ್ಲ. ಹಳದಿ ನೆಲದ ಹತ್ತಿರ ಮಾತ್ರ ಎಂದರೆ ಅದು ನೆಲದ್ದೇ ಕರಾಮತ್ತು. ನೇರವಾಗಿ ಪೊರ್ಬುಗಳ ಮನೆಗೆ ಹೋದೆ.

ಅವರು ವೆರಾಂಡದಲ್ಲಿ ಪ್ರೈಮಸ್ ಸ್ಟೌವಿನ ಮೇಲೆ ಚಾ ಕಾಯಿಸುತ್ತಿದ್ದರು. ನಾನು ಕುಶಲ ಕೇಳಲಿಲ್ಲ, ಕೇಳಿದರೆ ಅದಕ್ಕೂ ನಿಜ ಹೇಳುತ್ತಾರೆ. "ಬಾಣದ ಬಾಲ ನೆಲದ ಹತ್ತಿರ ಬಣ್ಣ ಬದಲಾಯಿಸುವುದು ಎಂತಕ್ಕೆ?" ಎಂದೆ.

ಅವರ ಮುಖದಲ್ಲಿ ನಾನು ಅಂಥ ಸಂತೋಷ ಅದುವರೆಗೆ ಕಂಡಿರಲಿಲ್ಲ. ಚಾದ ಪಾತ್ರೆ ಇಳಿಸಿದರು. ಸ್ಟೌವಿನ ಬೆಂಕಿ ನೀಲಿಯಾಗಿ ಉರಿಯುತ್ತಿತ್ತು. ಮೆಟ್ಟಿಲ ಕೆಳಗಿನ ಮಣ್ಣು ಒಂದು ಚಿಟಿಕೆ ತಂದು ಅದರ ಮೇಲೆ ಉದುರಿಸಿದರು. ನೀಲಿ ಹೋಗಿ ಹಳದಿ ಎದ್ದಿತು.

"ನೋಡಿದಿರಾ? ಬಾಣದ ಬಾಯಿಂದ ಬರುದು ಬರೀ ಬೆಂಕಿ ಅಲ್ಲ ಶೆಟ್ರೇ, ಗಾಳಿ. ಭಾರೀ ಜೋರಿನ ಬಿಸಿ ಗಾಳಿ. ನೆಲಕ್ಕೆ ಬಡಿದು ಹೊರಳಿ ಮೇಲೆ ಬರ್ತದೆ. ಬರುವಾಗ ನೆಲದಲ್ಲಿ ಎಂತ ಉಂಟೋ ಅದನ್ನೆಲ್ಲ ಎಬ್ಬಿಸಿಕೊಂಡು ಬೆಂಕಿಯ ಒಳಗೆ ಹಾಕ್ತದೆ. ಮೀನು ಒಣಗಿಸುವ ಮರಳಿನಲ್ಲಿ ಎಂತ ಉಂಟು? ಉಪ್ಪು. ಉಪ್ಪಿನ ಹಳದಿ ಪೋಲೀಸಿನ ಹಾಗೆ. ಒಬ್ಬ ಬಂದರೆ ಸಾಕು, ಉಳಿದ ಬಣ್ಣಗಳೆಲ್ಲ ಮನೆಯೊಳಗೆ ಹೋಗ್ತವೆ."

"ಅಷ್ಟೆಯಾ?"

"ಇನ್ನೂ ಉಂಟು. ಕೊಳವೆಯ ಒಳಗೆ ಎಲ್ಲ ಇದ್ದಿಲೂ ಸುಡುದಿಲ್ಲ, ಒಳಗೆ ಗಾಳಿ ಎಲ್ಲುಂಟು? ಹೊರಗೆ ಬಂದು ಗಾಳಿ ಸಿಕ್ಕಿದ ಮೇಲೆ ಪುನಃ ಸುಡ್ತದೆ. ಹೊರಡುವಾಗ ಬಾಣ ನಿಂತಲ್ಲೇ ಇರ್ತದೆ, ಬೆಂಕಿ ಎಲ್ಲ ಒಂದೇ ಕಡೆ ಗುಡ್ಡೆ ಬೀಳ್ತದೆ. ಅದಕ್ಕೆ ಕೆಲವು ಬಾಣಗಳಿಗೆ ಬುಡ ಸ್ವಲ್ಪ ಕೆಂಪು; ಬೆಳ್ಳಿ ಹುಡಿಯ ಬಾಣದಲ್ಲಿ ಅದು ಕಾಣುದಿಲ್ಲ. ಮೇಲೆ ಹೋದ ಮೇಲೆ ನೆಲ ಇಲ್ಲ, ಗುಡ್ಡೆ ಇಲ್ಲ. ತನ್ನ ಬಣ್ಣ ತನಗೆ." ಸ್ವಲ್ಪ ತಡೆದು, "ಮೊನ್ನೆ ಟಾಕೀಸಿನಲ್ಲಿ ನ್ಯೂಸ್ ರೀಲು ತೋರಿಸಿದರಲ್ಲ, ಹೊರದೇಶದವರ ದೊಡ್ಡ ರಾಕೆಟ್ಟು. ಅದಕ್ಕೂ ಇದೇ ನ್ಯಾಯ. ಕಪ್ಪು ಬಿಳುಪು ಪಿಕ್ಚರು ಆದ್ದರಿಂದ ಅವರು ಬಚಾವು. ನಮ್ಮ ಸಮಿತಿ ನೋಡಿದರೆ ಅವರನ್ನೂ ಕಳ್ಳರು ಹೇಳ್ತಿತ್ತು" ಎಂದು ನಕ್ಕರು.

"ಇದನ್ನು ಸಮಿತಿಗೆ ಹೇಳಬಹುದಿತ್ತಲ್ಲ ಪೊರ್ಬುಗಳೇ?"

"ಅವರು ಕೇಳ್ಲಿಲ್ಲ."

"ಒಬ್ಬಾಕೆಯ ಹೊಟ್ಟೆಪಾಡು ಹೋಗ್ತಾ ಉಂಟು, ಮಾರಾಯ್ರೆ."

"ಹಳದಿ ಬಂತಾ ಕೇಳಿದರು, ಬಂತು ಹೇಳಿದೆ. ಉಪ್ಪಿನಿಂದ ಬರ್ತದಾ ಕೇಳಿದರು, ಬರ್ತದೆ ಹೇಳಿದೆ. ಆ ಉಪ್ಪು ಮದ್ದಿನದ್ದಾ ನೆಲದ್ದಾ ಅಂತ ಒಬ್ಬನೂ ಕೇಳ್ಲಿಲ್ಲ. ಮೊದಲನೇ ವರ್ಷ ನನಗೇ ಆಶ್ಚರ್ಯ ಆಯ್ತು. ಅಷ್ಟು ಜನ ದೊಡ್ಡವರು, ಎಷ್ಟು ಬೇಗ ಒಪ್ಪಿಬಿಟ್ಟರು! ಎರಡನೇ ವರ್ಷ, ಯಾರಾದರೂ ಕೇಳ್ತಾರಾ ನೋಡುವ ಅಂತ ಪುನಃ ಅಲ್ಲಿಗೇ ಕಳಿಸಿದೆ. ಕೇಳ್ಲಿಲ್ಲ." ಚಾದ ಪಾತ್ರೆಯನ್ನು ಮತ್ತೆ ಸ್ಟೌವಿನ ಮೇಲಿಟ್ಟರು. "ನೀವು ಕೇಳಿದಿರಿ. ಆದರೆ ನೀವು ಸಮಿತಿಯಲ್ಲಿ ಇಲ್ಲ."

ಯಾರಿಂದಲೋ ಲಂಚ ತಿಂದಿದ್ದಾರೆ ಎಂದು ನಾನು ಅಂದುಕೊಂಡೇ ಹೋಗಿದ್ದೆ. ತಿಂದಿದ್ದರೆ ಎಷ್ಟು ಚೆನ್ನಾಗಿತ್ತು! ಲಂಚ ತಿಂದವನನ್ನು ಇನ್ನಷ್ಟು ತಿನ್ನಿಸಿ ತಿರುಗಿಸಬಹುದು. ಈ ಮನುಷ್ಯನಿಗೆ ಏನೂ ಬೇಕಾಗಿರಲಿಲ್ಲ. ಇರುವೆಯ ಸಾಲಿಗೆ ಕಡ್ಡಿ ಅಡ್ಡ ಇಟ್ಟು ಕುಳಿತು ನೋಡುವವರ ಹಾಗೆ ನೋಡುತ್ತಿದ್ದರು.

ಒಂದು ಬುದ್ಧಿಮಾತು ಹೇಳುತ್ತೇನೆ, ಹಿಡಿಸಿದರೆ ಇಟ್ಟುಕೊಳ್ಳಿ. ಸುಳ್ಳು ಹೇಳದವನ ಜೊತೆ ಉತ್ತರಕ್ಕೆ ಚೌಕಾಶಿ ಮಾಡಬೇಡಿ, ಮಾಡಿ ಉಪಯೋಗವಿಲ್ಲ. ಪ್ರಶ್ನೆಯನ್ನು ಸರಿಯಾಗಿ ತೂಗಿ ಇಡಿ. ನಾನು ಬಾಯಮ್ಮನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಬಾಯಿಪಾಠ ಮಾಡಿಸಿದೆ. ಬಾಣ ಬಿಡುವ ಮೊದಲು, ಸಮಿತಿಯ ಎದುರು, ಅವರನ್ನೇ ಕೇಳಬೇಕು.

ಮೂರನೆಯ ವರ್ಷದ ಪರೀಕ್ಷೆಗೆ ನಾನೂ ಹೋಗಿ ಹಿಂದೆ ನಿಂತಿದ್ದೆ. ಬಾಯಮ್ಮನ ಸರದಿ ಬಂತು. ಎಂದಿನಂತೆ ಪೊರ್ಬುಗಳು ಮರಳಿನ ಕಡೆ ಕೈ ತೋರಿಸಿದರು. ಆಕೆ ಕದಲಲಿಲ್ಲ. ಸೀರೆಯ ಸೆರಗನ್ನು ಎರಡೂ ಕೈಗೆ ಸುತ್ತಿಕೊಂಡು ನಿಂತು ಕೇಳಿದರು: "ಪೊರ್ಬುಗಳೇ, ಇದೇ ಬಾಣವನ್ನು ಕಲ್ಲಿನ ಕಟ್ಟೆಯ ಮೇಲಿಂದ ಬಿಟ್ಟರೆ ಹಳದಿ ಬರ್ತದಾ?"

ಕನ್ನಡಕ ಒರೆಸಿದರು. ದೂರದಲ್ಲಿದ್ದ ನನ್ನ ಕಡೆ ಒಮ್ಮೆ ನೋಡಿದರು.

"ಇಲ್ಲ. ಬೆಳ್ಳಿಯೇ ಬರ್ತದೆ."

ಬೆಂಚಿನಲ್ಲಿ ಗುಜುಗುಜು ಎದ್ದಿತು. ಪಾದ್ರಿಗಳೇ ಎದ್ದುನಿಂತು ಬಾಣವನ್ನು ಕಟ್ಟೆಗೆ ತರಿಸಿದರು. ಬತ್ತಿ ಹೊತ್ತಿತು. ಬುಡದಿಂದಲೇ ಬೆಳ್ಳಿ, ಕಟ್ಟೆಯ ಕಲ್ಲೂ ಬೆಳ್ಳಗೆ ಕಂಡಿತು. ನೋಡಲು ನಿಂತಿದ್ದ ಜನ ಚಪ್ಪಾಳೆ ತಟ್ಟಿದರು. ಎರಡು ವರ್ಷ ತಲೆ ತಗ್ಗಿಸಿ ನಡೆದ ಹೆಂಗಸು ತಲೆಯೆತ್ತಿ ಬಾಣ ಹೋದ ದಾರಿಯನ್ನೇ ನೋಡುತ್ತಿದ್ದರು. ವ್ಯಾಪಾರ ಕುದುರಿತ್ತು. ಕುದುರಿದ ಕೂಡಲೇ ಮಾಲು ಎತ್ತಿಕೊಂಡು ಹೊರಡಬೇಕು. ಮತ್ತೆ ಅಂಗಡಿಯಲ್ಲಿ ನಿಂತು ಪಟ್ಟಾಂಗ ಹೊಡೆಯಬಾರದು. ಇದು ಬಂದರಿನ ಕೂಲಿಗೂ ಗೊತ್ತು, ಹಂಚಿನ ಕಾರ್ಖಾನೆಯ ಮ್ಯಾನೇಜರಿಗೆ ಗೊತ್ತಿರಲಿಲ್ಲ. ಅಧ್ಯಕ್ಷರು ಖುಷಿಯಿಂದ, "ಹಾಗಾದರೆ ಈ ಸಲ ಬಾಯಮ್ಮನಿಗೇ ಕೊಡುವ. ಇನ್ನು ಅಡ್ಡಿ ಎಂತ ಇಲ್ಲವಲ್ಲ ಪೊರ್ಬುಗಳೇ?" ಎಂದುಬಿಟ್ಟರು.

"ಉಂಟು" ಎಂದರು ಪೊರ್ಬುಗಳು.

"ಎಂತ?"

"ಕೈ."

ಯಾರಿಗೂ ಅರ್ಥವಾಗಲಿಲ್ಲ. ಪೊರ್ಬುಗಳು ತಮ್ಮ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಬಾಯಮ್ಮನ ಮುಂದೆ ಹಿಡಿದರು. "ಒಂದು ಕಡ್ಡಿ ಗೀರಿ ಬಾಯಮ್ಮ."

ಆಕೆ ನನ್ನ ಕಡೆ ತಿರುಗಿದರು. ಆಮೇಲೆ ಸೆರಗಿನಿಂದ ಕೈ ಬಿಡಿಸಿಕೊಂಡು ಪೆಟ್ಟಿಗೆ ತೆಗೆದುಕೊಂಡರು. ಕಡ್ಡಿ ಮದ್ದಿನ ಪಟ್ಟಿಗೆ ತಾಗಲೇ ಇಲ್ಲ; ಮೇಲೆ ಹೋಯಿತು, ಕೆಳಗೆ ಹೋಯಿತು. ಇನ್ನೊಂದು ತೆಗೆದರು. ಹೊತ್ತಿತು. ಆ ಸಣ್ಣ ಬೆಂಕಿ ಗಾಳಿ ಇಲ್ಲದ ಸಂಜೆಯಲ್ಲಿ ಹೇಗೆ ಅದುರಿತೆಂದರೆ, ಬೆಂಚಿನಲ್ಲಿದ್ದವರೆಲ್ಲ ನೆಲ ನೋಡಿದರು.

"ಮೂರು ವರ್ಷ ಆಯ್ತು, ನಾನು ನೋಡ್ತಾ ಇದ್ದೇನೆ" ಎಂದರು ಪೊರ್ಬುಗಳು. "ಆ ಕೈಯಲ್ಲಿ ಮದ್ದು ಕುಟ್ಟುದು. ಸುತ್ತ ಹೆಂಗಸರು ಕೂತು ಬತ್ತಿ ಕಟ್ತಾರೆ. ಒಂದು ದಿನ ಶೆಡ್ಡು ಹೋಗ್ತದೆ."

ಅದೂ ಸುಳ್ಳಲ್ಲ. ಕೆಲಸದ ಹೆಂಗಸರು ಆ ಸಂಜೆಯೇ ತಮ್ಮತಮ್ಮ ಮನೆಗೆ ಹೋದರು, ಮರುದಿನ ಬರಲಿಲ್ಲ. ಕಲಬೆರಕೆಯ ಹೆಸರು ಹೋಗಿ ನಡುಗುವ ಕೈಯ ಹೆಸರು ಬಂತು. ಕಲಬೆರಕೆಯವರನ್ನಾದರೂ ಜನ ಕ್ಷಮಿಸುತ್ತಾರೆ, ಕಡಿಮೆ ಬೆಲೆಗೆ ಕೊಂಡುಕೊಳ್ಳುತ್ತಾರೆ. ನನ್ನ ಗೋಣಿಗಳಿಗೆ ಗಿರಾಕಿಗಳು ನಾಲಗೆ ತಾಗಿಸುವುದು ನಿಂತಿತು. ಬಾಯಮ್ಮ ಲೈಸೆನ್ಸು ಹಿಂದಿರುಗಿಸಿ, ಶೆಡ್ಡನ್ನು ಬಾಡಿಗೆಗೆ ಕೊಟ್ಟು, ತಂಗಿಯ ಮನೆಯ ಹಿಂಬದಿಯ ಕೋಣೆಗೆ ಹೋದರು.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಆದರೆ ಮನುಷ್ಯರಿಗೆ ತಮ್ಮನ್ನು ಹಾಳು ಮಾಡಿದವರು ಒಳ್ಳೆಯ ಕಾರಣಕ್ಕೆ ಮಾಡಿದರು ಎಂದು ನಂಬುವ ಒಂದು ಚಟವಿರುತ್ತದೆ. ಆ ಕೋಣೆಯಲ್ಲಿ ಕುಳಿತು ಬಾಯಮ್ಮ ಒಂದು ಲೆಕ್ಕ ಹಾಕಿದ್ದರು: ಪೊರ್ಬುಗಳಿಗೆ ತನ್ನ ಕೈಯ ವಿಷಯ ಮೊದಲೇ ಗೊತ್ತಿತ್ತು. ಎಲ್ಲರ ಎದುರು ಅದನ್ನು ಆಡಬಾರದೆಂದೇ ಎರಡು ವರ್ಷ ಹಳದಿಯ ನೆಪ ಹೂಡಿ ತನ್ನನ್ನು ಮದ್ದಿನಿಂದ ದೂರ ಇಡಲು ನೋಡಿದರು. ತನ್ನ ಮಾನ ಉಳಿಸಿದರು. ಆ ವರ್ಷದಿಂದ ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಗೆ ಕುಸ್ವಾರ್ ಕಳಿಸತೊಡಗಿದರು. ಹಬ್ಬದ ತಿಂಡಿಗಳ ತಟ್ಟೆ ಅದು: ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ. ಪೊರ್ಬುಗಳು ತಿಂದು ತಟ್ಟೆ ತೊಳೆದು ಹಿಂದಿರುಗಿಸುತ್ತಿದ್ದರು. ಸಿಹಿ ಎಂದರೆ ಅವರಿಗೆ ಪ್ರಾಣ.

ಕೊನೆಯ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು, ಸಕ್ಕರೆ ಕಾಯಿಲೆಯೂ ಹೊರಬಿತ್ತು. ಬಲಗಡೆ ಪೂರ್ತಿ ಬಿದ್ದುಹೋಗಿ ಮಂಚದಲ್ಲೇ. ಡಾಕ್ಟರು ಸಿಹಿಯನ್ನು ಮನೆಯೊಳಗೇ ತರಕೂಡದೆಂದು ಆಳಿಗೆ ತಾಕೀತು ಮಾಡಿದ್ದರು. ಆ ಕ್ರಿಸ್ಮಸ್ಸಿಗೆ ಕಳಿಸಿದರೆ ಆಳು ಬಾಗಿಲಲ್ಲೇ ತಡೆದಾನೆಂದು ಬಾಯಮ್ಮ ತಟ್ಟೆ ತಾವೇ ತೆಗೆದುಕೊಂಡು ಹೊರಟು, ಜೊತೆಗೆ ಬನ್ನಿ ಎಂದು ನನ್ನನ್ನು ಕರೆದರು.

ದಾರಿಯಲ್ಲಿ, "ನನ್ನ ಮಾನಕ್ಕೋಸ್ಕರ ಹಾಗೆ ಮಾಡಿದರು ಅಲ್ವಾ ಶೆಟ್ರೇ? ಅವರ ಬಾಯಿಂದ ಒಮ್ಮೆ ಕೇಳ್ಬೇಕು ನನಗೆ" ಎಂದರು.

"ಕೇಳಬೇಡಿ ಬಾಯಮ್ಮ."

"ಯಾಕೆ?"

"ಹೇಳ್ತಾರೆ."

ಕೇಳಿಯೇ ಕೇಳಿದರು. ಮಂಚದ ಪಕ್ಕದ ಕುರ್ಚಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಮೆಲ್ಲಗೆ, ಪಾಪನಿವೇದನೆ ಮಾಡುವವರ ಹಾಗೆ ಕೇಳಿದರು: "ಆಗ ನೀವು ಹಳದಿ ಹಳದಿ ಅಂದದ್ದು ನನ್ನ ಕೈಯ ಗುಟ್ಟು ಉಳಿಸ್ಲಿಕ್ಕೆ ಅಲ್ವಾ ಪೊರ್ಬುಗಳೇ?"

ಕನ್ನಡಕ ಒರೆಸಲು ಕೈ ಏಳುತ್ತಿರಲಿಲ್ಲ. ನಾಲಗೆಯೂ ಅರ್ಧ ತೊದಲುತ್ತಿತ್ತು. ಆದರೂ ಆ ಒಂದು ಶಬ್ದ ಸ್ಪಷ್ಟವಾಗಿ ಬಂತು.

"ಇಲ್ಲ."

"ಮತ್ತೆ?"

"ಯಾರಾದರೂ ಕೇಳ್ತಾರಾ ನೋಡ್ಲಿಕ್ಕೆ."

ಬಾಯಮ್ಮ ತಟ್ಟೆಗೆ ಮುಚ್ಚಿದ ಬಟ್ಟೆ ತೆಗೆದು ಮಡಚಿ ಪಕ್ಕಕ್ಕಿಟ್ಟರು. ಒಂದು ನೆವ್ರಿ ಎತ್ತಿಕೊಂಡು ಕಚ್ಚಿದರು. ತೆಂಗಿನಕಾಯಿ, ಎಳ್ಳು, ಸಕ್ಕರೆಯ ಹೂರಣ ನಡುಗುವ ಬೆರಳಿನಿಂದ ಉದುರಿ ಮಂಚದ ಚಾದರದ ಮೇಲೆ ಬಿತ್ತು. ಅವರು ಅವಸರ ಮಾಡಲಿಲ್ಲ. ಅದು ಮುಗಿದ ಮೇಲೆ ಒಂದು ಕಿಡಿಯೊ. ಅದಾದ ಮೇಲೆ ಒಂದು ಗುಳಿಯೊ. ಪೊರ್ಬುಗಳ ಕಣ್ಣು ತಟ್ಟೆಯಿಂದ ಬಾಯಿಗೆ, ಬಾಯಿಯಿಂದ ತಟ್ಟೆಗೆ ಓಡಾಡುತ್ತಿತ್ತು.

"ನನಗೆ?" ಎಂದರು.

"ಡಾಕ್ಟ್ರು ನಿಮಗೆ ಕೊಡಬಾರದು ಹೇಳಿದ್ದಾರಂತಲ್ಲ. ಹೇಳಿದ್ದು ಹೌದಾ, ಅಲ್ವಾ?"

ಪೊರ್ಬುಗಳು ತಟ್ಟೆಯನ್ನು ನೋಡಿದರು.

"ಹೌದು" ಎಂದರು.

ಬಾಯಮ್ಮ ಇನ್ನೊಂದು ನೆವ್ರಿ ತೆಗೆದುಕೊಂಡರು.